ಅಂತರಿಕ್ಷದ ಪೈಪೋಟಿಯೂ ಜನಸಾಮಾನ್ಯರ ಅರಿವೂ

(ಸಂಘದ ವಾಚನಾಲಯದಲ್ಲಿ ಜರುಗಿದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ದಿನಗಳಲ್ಲಿ ನಾಡು-ನುಡಿಗಳ ವಿಷಯವಾಗಿ ಅಧಿಕಾರವಾಣಿಯಿಂದ ಮಾತನಾಡಬಲ್ಲ ಹಿರಿಯರು ಈ ಸಭೆಯಲ್ಲಿ ಅನೇಕರಿರುವರು. ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವ ನಮ್ಮಂಥವರು ಆಕಾಶದ ಸುದ್ದಿಯನ್ನು ಎತ್ತಿಕೊಂಡುದೇಕೆಂದು ಕೆಲವರಿಗೆ ಅನಿಸಬಹುದು. ನಾವು ಹೇಳಹೊರಟಿರುವುದು ರಾಕೆಟ್ಟಿನ ಯಂತ್ರಶಾಸ್ತ್ರವನ್ನಲ್ಲ. ಎರಡು ಪ್ರಬಲ ರಾಷ್ಟ್ರಗಳು ಪೈಪೋಟಿಗಿಳಿದಾಗ, ಒಂದರ ಸಾಧನೆಯನ್ನು ಇನ್ನೊಂದರ ಜನಸಾಮಾನ್ಯರು ಎಷ್ಟರಮಟ್ಟಿಗೆ ಬಲ್ಲವರಾಗಿದ್ದರು, ಯಾರ ಬಾಯಿಂದ ಬಲ್ಲವರಾಗಿದ್ದರು ಎಂಬುದಷ್ಟೇ ಇಂದಿನ ವಿಷಯ. ಜಮಾ-ಖರ್ಚುಗಳನ್ನು ತಾಳೆ ಹಾಕುವುದು ನಮ್ಮ ಕಸುಬಾದುದರಿಂದ ಈ ಲೆಕ್ಕವನ್ನೂ ನೋಡೋಣವೆಂದು ಹೊರಟೆವು. ನೋಡುತ್ತ ಹೋದಂತೆ ಅದರಲ್ಲಿ ಕನ್ನಡದ ಪಾಲೂ ಇರುವುದು ಕಂಡುಬಂದಿತು.

ಮೊದಲು ತಾರೀಖುಗಳನ್ನು ನೆನೆಯೋಣ. ೧೯೫೬ನೆಯ ಇಸವಿ ನವೆಂಬರ್ ೧ರಂದು ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದುಗೂಡಿದುವು. ಆ ಹೊಸ ರಾಜ್ಯಕ್ಕೆ ಒಂದು ವರ್ಷ ತುಂಬುವುದಕ್ಕೆ ಮುಂಚೆಯೇ, ೧೯೫೭ರ ಅಕ್ಟೋಬರ್ ೪ರಂದು, ಸೋವಿಯತ್ ರಶಿಯವು ಸ್ಪುತ್ನಿಕ್ ಎಂಬ ಕೃತಕ ಉಪಗ್ರಹವನ್ನು ಹಾರಿಸಿತು. ರಾಜ್ಯದ ಮೊದಲನೆಯ ಹುಟ್ಟುಹಬ್ಬ ಕಳೆದು ಎರಡೇ ದಿನಗಳಿಗೆ, ನವೆಂಬರ್ ೩ರಂದು, ಲೈಕಾ ಎಂಬ ನಾಯಿಯನ್ನು ಹೊತ್ತು ಎರಡನೆಯ ಸ್ಪುತ್ನಿಕ್ ಹಾರಿತು. ನಮ್ಮ ರಾಜ್ಯವೂ ಅಂತರಿಕ್ಷಯುಗವೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು ಎಂದರೆ ತಪ್ಪಾಗಲಾರದು.

ಮೊದಲ ಸ್ಪುತ್ನಿಕ್ಕಿನ ತೂಕ ೮೩.೬ ಕಿಲೋಗ್ರಾಮು, ಅಡ್ಡಳತೆ ೫೮ ಸೆಂಟಿಮೀಟರು. ಸುಮಾರು ೯೬ ಮಿನಿಟುಗಳಿಗೊಮ್ಮೆ ಭೂಮಿಯನ್ನು ಸುತ್ತುತ್ತಿದ್ದ ಆ ಲೋಹದ ಚೆಂಡು ಬೀಪ್ ಬೀಪ್ ಎಂಬ ಸದ್ದನ್ನು ಬಿಟ್ಟರೆ ಬೇರೇನನ್ನೂ ಆಡುತ್ತಿರಲಿಲ್ಲ. ಆದರೆ ಆ ಸದ್ದು ಅಮೇರಿಕೆಯ ಮನೆಮನೆಯ ನಿದ್ದೆಯನ್ನು ಕೆಡಿಸಿತು. ಅದಕ್ಕೆ ಕೆಲವು ತಿಂಗಳ ಹಿಂದೆ ಅಲ್ಲಿನ ವಿಜ್ಞಾನ ಲೇಖಕರ ಸಂಘವು ಒಂದು ಸಮೀಕ್ಷೆಯನ್ನು ಮಾಡಿಸಿದ್ದಿತು. ಕೃತಕ ಉಪಗ್ರಹವೆಂಬ ವಸ್ತುವಿನ ಹೆಸರನ್ನೇ ಕೇಳದವರು ಅರ್ಧಕ್ಕಿಂತ ಹೆಚ್ಚು ಮಂದಿ ಎಂದು ಅದರಿಂದ ತಿಳಿಯಿತು. ಸ್ಪುತ್ನಿಕ್ ಹಾರಿದ ಮೇಲೆ ಮರುವರುಷ ಮತ್ತೆ ಕೇಳಿದಾಗ ಹತ್ತರಲ್ಲಿ ಒಂಬತ್ತು ಮಂದಿ ಕೇಳಿದ್ದೇವೆಂದರು. ಒಂದು ದೇಶದ ಜನರಿಗೆ ಅಂತರಿಕ್ಷವನ್ನು ಕಲಿಸಿದವರು ಅವರ ಎದುರಾಳಿಗಳು!

ಹಾಗಾದರೆ ರಶಿಯದವರು ಸುಳಿವೇ ಕೊಡದೆ ಗುಟ್ಟಾಗಿ ಇದನ್ನು ಮಾಡಿದರೋ? ಹಾಗೇನೂ ಇಲ್ಲ. ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಉಪಗ್ರಹವನ್ನು ಹಾರಿಸುವೆವೆಂದು ೧೯೫೫ರಲ್ಲಿ ಅಮೇರಿಕೆಯು ಸಾರಿದ ಕೆಲವೇ ದಿನಗಳಲ್ಲಿ ರಶಿಯವೂ ಅದೇ ಮಾತನ್ನು ಹೇಳಿದ್ದಿತು. ೧೯೫೭ರ ಬೇಸಿಗೆಯಲ್ಲಿ 'ರಾಡಿಯೋ' ಎಂಬ ರಶಿಯನ್ ಪತ್ರಿಕೆಯು, ಉಪಗ್ರಹದ ಸದ್ದನ್ನು ಯಾವ ಅಲೆಗಳ ಮೇಲೆ ಕೇಳಬೇಕೆಂಬುದನ್ನು ಕೂಡ ಹವ್ಯಾಸಿಗಳಿಗೆ ತಿಳಿಸಿಕೊಟ್ಟಿದ್ದಿತು. ಅಚ್ಚಾಗಿ ಅಂಗಡಿಯಲ್ಲಿ ಮಾರಾಟಕ್ಕಿದ್ದ ಸುದ್ದಿ ಅದು. ಆದರೆ ಅಮೇರಿಕೆಯ ಜನಸಾಮಾನ್ಯರಲ್ಲಿ ಆ ಭಾಷೆಯನ್ನು ಓದಬಲ್ಲವರು ತೀರ ವಿರಳ. ಓದಬಲ್ಲ ಕೆಲವರು ಹೇಳಿದರೂ ನಂಬುವವರು ಇನ್ನೂ ವಿರಳ. ಬಡತನದಲ್ಲಿ ಬೆಂದ, ಯುದ್ಧದಲ್ಲಿ ಜರ್ಜರಿತವಾದ ದೇಶವು ನಮ್ಮನ್ನು ಮೀರಿಸುವುದುಂಟೇ ಎಂಬ ಭಾವನೆ ಅವರಲ್ಲಿ ಬೇರೂರಿದ್ದಿತು.

ಆ ಶುಕ್ರವಾರ ಸಂಜೆ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಯಲ್ಲಿ ವಿಜ್ಞಾನಿಗಳಿಗಾಗಿ ಒಂದು ಔತಣ ನಡೆಯುತ್ತಿದ್ದಿತು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ವಾಲ್ಟರ್ ಸುಲ್ಲಿವನ್ ಎಂಬ ಬಾತ್ಮೀದಾರರಿಗೆ ಕಚೇರಿಯಿಂದ ಟೆಲಿಫೋನ್ ಬಂದಿತು. ಅವರು ಹಿಂದಿರುಗಿ ಬಂದು ಪಿಸುದನಿಯಲ್ಲಿ ತಿಳಿಸಿದಾಗ, ಅಮೇರಿಕೆಯ ವಿಜ್ಞಾನಿ ಲಾಯ್ಡ್ ಬರ್ಕ್ನರ್ ಅವರು ಚಪ್ಪಾಳೆ ತಟ್ಟಿ ಸಭೆಯ ಗಮನವನ್ನು ಸೆಳೆದು, ಉಪಗ್ರಹವು ಕಕ್ಷೆಯಲ್ಲಿದೆಯೆಂದು ಸಾರಿ ಆತಿಥೇಯರನ್ನು ಅಭಿನಂದಿಸಿದರು. ಎದುರಾಳಿಯ ಗೆಲುವನ್ನು ಎದುರಾಳಿಯ ಮನೆಯಲ್ಲೇ ನಿಂತು ತುಂಬುಮನದಿಂದ ಸಾರಿದ ಈ ನಡತೆಯನ್ನು ನಾವು ಮರೆಯಬಾರದು. ಪಂಡಿತರಲ್ಲಿದ್ದ ಈ ಔದಾರ್ಯ ರಾಜಕಾರಣಿಗಳಲ್ಲಿ ಅಷ್ಟಾಗಿ ಕಾಣಲಿಲ್ಲ. ಅಧ್ಯಕ್ಷ ಐಸೆನ್‌ಹೋವರ್ ಅವರು ಇದರಿಂದ ತಮಗೆ ಎಳ್ಳಷ್ಟೂ ಹೊಸ ಆತಂಕವಿಲ್ಲವೆಂಬ ಅರ್ಥದ ಮಾತನ್ನಾಡಿದರು. ಜನರಾದರೋ ಮುಂಜಾವದಲ್ಲಿ, ಮುಚ್ಚಂಜೆಯಲ್ಲಿ ಅಂಗಳಕ್ಕೆ ಬಂದು ಮುಗಿಲನ್ನು ನೋಡುತ್ತಿದ್ದರು. ಅವರು ಬರಿಗಣ್ಣಿಗೆ ಕಂಡುದು ಬಹುಮಟ್ಟಿಗೆ ಸ್ಪುತ್ನಿಕ್ಕನ್ನಲ್ಲ. ಅದನ್ನು ಮೇಲೊಯ್ದು ಅದರ ಹಿಂದೆಯೇ ಸುತ್ತುತ್ತಿದ್ದ ರಾಕೆಟ್ಟಿನ ದೊಡ್ಡ ಭಾಗವನ್ನು.

ಡಿಸೆಂಬರ್ ೬ರಂದು ಅಮೇರಿಕೆಯು ತನ್ನ ವ್ಯಾನ್‌ಗಾರ್ಡ್ ರಾಕೆಟ್ಟನ್ನು ಹಾರಿಸಲು ಹೋಯಿತು. ಅದರ ತುದಿಯಲ್ಲಿದ್ದ ಉಪಗ್ರಹದ ತೂಕ ಒಂದೂವರೆ ಕಿಲೋಗ್ರಾಮಿಗೂ ಕಡಿಮೆ. ನೆಲದಿಂದ ನಾಲ್ಕಡಿ ಏಳುವಷ್ಟರಲ್ಲಿ ಅದು ಕುಸಿದು ಬೆಂಕಿಯ ಉಂಡೆಯಾಯಿತು. ಟೆಲಿವಿಷನ್ನಿನಲ್ಲಿ ದೇಶಕ್ಕೆ ದೇಶವೇ ಅದನ್ನು ಕಂಡಿತು. ಪತ್ರಿಕೆಗಳು ಸ್ಪುತ್ನಿಕ್ಕಿನ ಹೆಸರನ್ನೇ ತಿರುಚಿ ತಮ್ಮ ಸರಕಾರವನ್ನು ಅಣಕಿಸಿದುವು. ೧೯೫೮ರ ಜನವರಿ ೩೧ರಂದು ಎಕ್ಸ್‌ಪ್ಲೋರರ್ ಕಕ್ಷೆಯನ್ನು ಸೇರಿದ ಮೇಲೆಯೇ ಅವರಿಗೆ ಸಮಾಧಾನವಾದುದು.

ಇಲ್ಲಿ ಎರಡು ದೇಶಗಳ ರೀತಿಯ ಭೇದವನ್ನು ಗಮನಿಸಬೇಕು. ಅಮೇರಿಕೆಯವರು ಸೋತರೂ ಬಯಲಲ್ಲಿ ಸೋಲುತ್ತಿದ್ದರು. ರಶಿಯದವರು ಗೆದ್ದ ಮೇಲೆ ಮಾತ್ರ ಬಾಗಿಲನ್ನು ತೆರೆಯುತ್ತಿದ್ದರು. ಆದುದರಿಂದ ಅಮೇರಿಕೆಯ ಪ್ರಜೆಗೆ ತನ್ನವರ ಸೋಲುಗಳೆಲ್ಲ ಕಾಣುತ್ತಿದ್ದುವು, ಎದುರಾಳಿಯ ಗೆಲುವುಗಳು ಮಾತ್ರ ಕಾಣುತ್ತಿದ್ದುವು. ಒಬ್ಬನ ಖಾತೆಯಲ್ಲಿ ಖರ್ಚಿನ ಬಾಬತ್ತು, ಇನ್ನೊಬ್ಬನ ಖಾತೆಯಲ್ಲಿ ಜಮೆಯ ಬಾಬತ್ತು ಮಾತ್ರ ನೋಡಿದರೆ ಶಿಲ್ಕು ಹೇಗೆ ಸರಿಹೋದೀತು? ಅವರ ಭಯಕ್ಕೆ ಇದೂ ಒಂದು ಕಾರಣ.

ಭಯದಿಂದ ಹುಟ್ಟಿದುದೆಲ್ಲ ಕೆಟ್ಟದಾಗಿರಬೇಕೆಂಬ ನಿಯಮವಿಲ್ಲ. ೧೯೫೮ರಲ್ಲಿ ನಾಸಾ ಸಂಸ್ಥೆ ಹುಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದಿತು. ಗಣಿತ, ವಿಜ್ಞಾನಗಳ ಜೊತೆಗೆ ಪರಭಾಷೆಗಳ ಕಲಿಕೆಗೂ ಆ ಕಾಯಿದೆಯು ಹಣವನ್ನು ಒದಗಿಸಿತು. ಪರರ ಭಾಷೆ ತಿಳಿಯದಿದ್ದರೆ ಪರರ ಮನೆಯಲ್ಲಿ ಬೆಳಕಾದುದೂ ತಿಳಿಯದು ಎಂಬ ಪಾಠವನ್ನು ಅವರು ಕಲಿತರು. ಈ ನೆರವಿನಿಂದ ಬೆಳೆದ ದಕ್ಷಿಣ ಏಷ್ಯದ ಭಾಷಾಕೇಂದ್ರಗಳಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ್ದೂ ಒಂದು. ಮೈಸೂರಿನ ಎ. ಕೆ. ರಾಮಾನುಜನ್ನರು ೧೯೬೨ರಲ್ಲಿ ಅಲ್ಲಿ ಅಧ್ಯಾಪಕರಾದರು. ೧೯೭೩ರಲ್ಲಿ ನಮ್ಮ ವಚನಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಸ್ಪುತ್ನಿಕ್ಕೇ ಬಸವಣ್ಣನವರನ್ನು ಅಮೇರಿಕೆಗೆ ಕೊಂಡೊಯ್ದಿತೆಂದು ಹೇಳುವಷ್ಟು ದೂರ ನಾವು ಹೋಗುವುದಿಲ್ಲ. ಆ ಪ್ರತಿಭೆ ರಾಮಾನುಜನ್ನರದೇ. ಆದರೆ ಅಲ್ಲಿ ನಮ್ಮ ಭಾಷೆಗಳಿಗೆ ಪೀಠ ಹಾಕಿ ಕೂರಿಸಿದ ಕಾಲದ ಗಾಳಿಯಲ್ಲಿ ಸ್ಪುತ್ನಿಕ್ಕಿನ ಸದ್ದೂ ಸೇರಿದ್ದಿತೆಂಬುದು ನಿಜ.

ಮುಂದಿನ ವರ್ಷಗಳಲ್ಲಿ ರಶಿಯದ ಗೆಲುವುಗಳು ಒಂದರ ಮೇಲೊಂದರಂತೆ ಬಂದುವು. ೧೯೫೯ರ ಸೆಪ್ಟೆಂಬರಿನಲ್ಲಿ ಲೂನಾ-೨ ಚಂದ್ರನನ್ನು ಮುಟ್ಟಿತು. ಅಕ್ಟೋಬರಿನಲ್ಲಿ ಲೂನಾ-೩, ಮನುಷ್ಯರಾರೂ ಕಂಡಿರದ ಚಂದ್ರನ ಹಿಂಬದಿಯ ಚಿತ್ರವನ್ನು ಕಳುಹಿಸಿತು. ೧೯೬೧ರ ಏಪ್ರಿಲ್ ೧೨ರಂದು ಯೂರಿ ಗಗಾರಿನ್ ೧೦೮ ಮಿನಿಟುಗಳ ಯಾತ್ರೆಯನ್ನು ಮುಗಿಸಿ ಕ್ಷೇಮವಾಗಿ ಹಿಂದಿರುಗಿದರು. ಆ ಸುದ್ದಿ ಅಮೇರಿಕೆಗೆ ತಲುಪಿದಾಗ ಅಲ್ಲಿ ನಡುರಾತ್ರಿ. ಅಭಿಪ್ರಾಯ ಕೇಳಲು ಬಾತ್ಮೀದಾರರೊಬ್ಬರು ಟೆಲಿಫೋನ್ ಮಾಡಿದಾಗ ನಾಸಾದ ವಕ್ತಾರರು ನಾವೆಲ್ಲ ಮಲಗಿದ್ದೇವೆಂದು ಸಿಡುಕಿದರು. ಬೆಳಗಾಗುವಷ್ಟರಲ್ಲಿ, ರಶಿಯದವರು ಮನುಷ್ಯನನ್ನು ಕಳುಹಿಸಿದರು, ನಮ್ಮವರು ಮಲಗಿದ್ದಾರಂತೆ ಎಂಬ ಅರ್ಥದ ತಲೆಬರಹ ಪತ್ರಿಕೆಯಲ್ಲಿ ಬಂದಿತು. ಸುಮಾರು ಆರು ವಾರಗಳ ನಂತರ, ಮೇ ೨೫ರಂದು, ಕೆನೆಡಿಯವರು ಆ ದಶಕ ಮುಗಿಯುವುದರೊಳಗೆ ಚಂದ್ರನ ಮೇಲೆ ಮನುಷ್ಯನನ್ನು ಇಳಿಸುವ ಗುರಿಯನ್ನು ತಮ್ಮ ಪಾರ್ಲಿಮೆಂಟಿನ ಮುಂದಿಟ್ಟರು.

ಮಹಿಳೆಯರ ವಿಷಯವನ್ನು ನಮ್ಮ ಸೋದರಿಯರು ವಿಶೇಷವಾಗಿ ಗಮನಿಸಬೇಕು. ೧೯೬೩ರ ಜೂನ್ ೧೬ರಂದು ವ್ಯಾಲೆಂಟಿನಾ ತೆರೆಶ್ಕೋವಾ ಅವರು ಹಾರಿ ಭೂಮಿಯನ್ನು ೪೮ ಬಾರಿ ಸುತ್ತಿದರು. ಅವರು ಬಟ್ಟೆಯ ಗಿರಣಿಯಲ್ಲಿ ದುಡಿದವರು. ಗಿರಣಗಾವಿನ ಈ ಮುಂಬಯಿಯಲ್ಲಿ ಆ ಮಾತಿನ ತೂಕವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಅದೇ ತಿಂಗಳು ಅಮೇರಿಕೆಯ 'ಲೈಫ್' ಪತ್ರಿಕೆಯು, ವೈದ್ಯಪರೀಕ್ಷೆಗಳಲ್ಲಿ ಗೆದ್ದಿದ್ದರೂ ಅವಕಾಶ ಸಿಗದ ತಮ್ಮ ದೇಶದ ಹದಿಮೂರು ಮಹಿಳೆಯರ ಹೆಸರುಗಳನ್ನು ಪ್ರಕಟಿಸಿ ಪ್ರಶ್ನೆಯೆತ್ತಿತು. ಎದುರಾಳಿಯ ಸಾಧನೆಯನ್ನು ತಿಳಿದುಕೊಂಡಾಗ ನಮ್ಮ ಮನೆಯ ಕೊರತೆ ಕಾಣುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ಆದರೂ ಅಮೇರಿಕೆಯ ಮೊದಲ ಮಹಿಳೆ ಸ್ಯಾಲಿ ರೈಡ್ ಹಾರುವುದಕ್ಕೆ ೧೯೮೩ರ ತನಕ ಕಾಯಬೇಕಾಯಿತು.

ಇನ್ನು ಅಮೇರಿಕೆಯ ಜನರಿಗೆ ತಿಳಿಯದೆ ಉಳಿದುದರಲ್ಲಿ ಬಹಳಷ್ಟನ್ನು ಬಚ್ಚಿಟ್ಟವರು ರಶಿಯದವರೇ ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ಸ್ಪುತ್ನಿಕ್ಕನ್ನೂ ಗಗಾರಿನ್ನರ ನೌಕೆಯನ್ನೂ ಕಟ್ಟಿದ ಮಹಾಶಿಲ್ಪಿ ಸೆರ್ಗೇಯಿ ಕೊರೊಲ್ಯೋವ್. ಬದುಕಿರುವ ತನಕ ಅವರ ಹೆಸರು ಪತ್ರಿಕೆಯಲ್ಲಿ ಬರಲಿಲ್ಲ. 'ಮುಖ್ಯ ವಿನ್ಯಾಸಕ' ಎಂದಷ್ಟೇ ಬರೆಯುತ್ತಿದ್ದರು. ೧೯೬೬ರ ಜನವರಿ ೧೪ರಂದು ಅವರು ತೀರಿಕೊಂಡ ಮೇಲೆಯೇ ಲೋಕಕ್ಕೆ, ಅವರದೇ ದೇಶದ ಜನರಿಗೆ ಕೂಡ, ಆ ಹೆಸರು ತಿಳಿದುದು. ಗಗಾರಿನ್ನರು ನೌಕೆಯೊಳಗೆ ಕುಳಿತು ಇಳಿಯದೆ, ಹೊರಗೆ ಜಿಗಿದು ಪ್ಯಾರಾಷೂಟಿನಿಂದ ಇಳಿದರೆಂಬುದನ್ನು ಹಲವು ವರ್ಷ ಮುಚ್ಚಿಟ್ಟರು. ಚಂದ್ರನಿಗೆ ಮನುಷ್ಯನನ್ನು ಕಳುಹಿಸಲೆಂದು ಕಟ್ಟಿದ ಎನ್-೧ ರಾಕೆಟ್ಟು ೧೯೬೯ರಿಂದ ೧೯೭೨ರ ನಡುವೆ ನಾಲ್ಕು ಸಲ ಹಾರಿ ನಾಲ್ಕು ಸಲವೂ ವಿಫಲವಾಯಿತು. ಆದರೆ ತಾವು ಆ ಓಟದಲ್ಲಿ ಇರಲೇ ಇಲ್ಲವೆಂದು ಹೇಳುತ್ತ ಬಂದ ಅವರು ನಿಜವನ್ನು ಒಪ್ಪಿದುದು ೧೯೮೯ರಲ್ಲಿ. ಸೋಲನ್ನು ಮುಚ್ಚಿಟ್ಟವರ ಗೆಲುವನ್ನೂ ಜನ ಸಂದೇಹದಿಂದ ನೋಡುವರು.

ಈ ಗುಟ್ಟಿನ ಚಾಳಿ ಒಮ್ಮೆ ವಿನೋದಕ್ಕೂ ಎಡೆಗೊಟ್ಟಿತು. ೧೯೬೬ರ ಫೆಬ್ರವರಿ ೩ರಂದು ಲೂನಾ-೯ ಮೊಟ್ಟಮೊದಲ ಬಾರಿಗೆ ಚಂದ್ರನ ಮೇಲೆ ಮೆತ್ತಗೆ ಇಳಿದು ಚಿತ್ರಗಳನ್ನು ಕಳುಹಿಸತೊಡಗಿತು. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕಿನ ವಿಜ್ಞಾನಿಗಳು ಅದರ ಸಂಕೇತವನ್ನು ಹಿಡಿದು ಆಲಿಸಿದಾಗ, ಅದು ಪತ್ರಿಕಾಲಯಗಳಲ್ಲಿ ಚಿತ್ರ ಕಳುಹಿಸಲು ಬಳಸುವ ಯಂತ್ರದ ಸದ್ದಿನಂತಿರುವುದು ತಿಳಿಯಿತು. 'ಡೇಲಿ ಎಕ್ಸ್‌ಪ್ರೆಸ್' ಪತ್ರಿಕೆಯಿಂದ ಅಂಥದೊಂದು ಯಂತ್ರವನ್ನು ತರಿಸಿ ಜೋಡಿಸಿದರು. ಚಂದ್ರನ ನೆಲ ಕಾಗದದ ಮೇಲೆ ಮೂಡಿಬಂದಿತು! ರಶಿಯದವರು ಪ್ರಕಟಿಸುವ ಮುನ್ನವೇ ಲಂಡನ್ನಿನ ಪತ್ರಿಕೆಯಲ್ಲಿ ಆ ಚಿತ್ರ ಬಂದಿತು.

ಅಮೇರಿಕೆಯ ಗೆಲುವಿನ ದಿನ ಬಂದಾಗ ರಶಿಯದ ಜನರಿಗೂ ಇದೇ ಪಾಡು ಒದಗಿತು. ೧೯೬೯ರ ಜುಲೈಯಲ್ಲಿ ಆರ್ಮ್‌ಸ್ಟ್ರಾಂಗ್ ಅವರು ಚಂದ್ರನ ಮೇಲೆ ಕಾಲಿಟ್ಟುದನ್ನು ಲೋಕದ ಕೋಟಿಗಟ್ಟಲೆ ಜನ ಟೆಲಿವಿಷನ್ನಿನಲ್ಲಿ ಕಂಡರು. ರಶಿಯದ ಟೆಲಿವಿಷನ್ನು ಅದನ್ನು ನೇರವಾಗಿ ತೋರಿಸಲಿಲ್ಲ. ಮುಂಬಯಿಯವರೂ ಕಾಣಲಿಲ್ಲವೆನ್ನಿ, ನಮ್ಮಲ್ಲಿ ದೂರದರ್ಶನ ಬಂದುದು ೧೯೭೨ರ ಅಕ್ಟೋಬರ್ ೨ರಂದು. ಜನ ರೇಡಿಯೋಕ್ಕೆ ಕಿವಿಗೊಟ್ಟು, ಮರುದಿನದ ಪತ್ರಿಕೆಗಾಗಿ ಕಾದರು. ಆದರೆ ಗಗನಯಾತ್ರಿಗಳ ನಡುವೆ ಹಗೆಯಿರಲಿಲ್ಲ. ಮಡಿದ ಗಗಾರಿನ್ ಮತ್ತು ಕೊಮರೋವ್ ಇವರ ಪದಕಗಳನ್ನು ಅಪೊಲೊ-೧೧ರವರು ಕೊಂಡೊಯ್ದು ಚಂದ್ರನ ಮೇಲೆ ಇರಿಸಿ ಬಂದರು. ಎರಡು ವರ್ಷಗಳ ನಂತರ ಅಪೊಲೊ-೧೫ರವರು, ಎರಡೂ ದೇಶಗಳ ಹದಿನಾಲ್ಕು ಮೃತ ಯಾತ್ರಿಗಳ ಹೆಸರುಗಳನ್ನು ಕೊರೆದ ಒಂದೇ ಫಲಕವನ್ನು ಅಲ್ಲಿಟ್ಟರು.

ಈಗ ನಮ್ಮ ಊರಿಗೆ ಬರೋಣ. ಅಮೇರಿಕೆಯ ಪ್ರಜೆಗೆ ಒಂದು ಕಿಟಕಿ, ರಶಿಯದ ಪ್ರಜೆಗೆ ಇನ್ನೊಂದು ಕಿಟಕಿ ತೆರೆದಿದ್ದರೆ, ಯಾವ ಬಣಕ್ಕೂ ಸೇರದ ಭಾರತದ ಈ ನಗರಕ್ಕೆ ಎರಡೂ ಕಿಟಕಿಗಳು ತೆರೆದಿದ್ದುವು. ನ್ಯೂ ಮರೀನ್ ಲೈನ್ಸಿನಲ್ಲಿ ಅಮೇರಿಕೆಯವರ ಗ್ರಂಥಾಲಯ. ಪೆಡ್ಡರ್ ರಸ್ತೆಯಲ್ಲಿ ಸೋವಿಯತ್ ಸಂಸ್ಕೃತಿ ಕೇಂದ್ರ. ಅತ್ತ 'ಸ್ಪ್ಯಾನ್', ಇತ್ತ 'ಸೋವಿಯತ್ ಲ್ಯಾಂಡ್'. ಸೋವಿಯತ್ ಪತ್ರಿಕೆಯ ನುಣುಪಾದ ಕಾಗದವನ್ನು ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದ ಕಥೆಯನ್ನು ನಮ್ಮ ಹಿರಿಯರು ಇಂದಿಗೂ ಹೇಳುವರು. ರಶಿಯದಲ್ಲಿ ಅಚ್ಚಾದ ಅಗ್ಗದ ಕನ್ನಡ ಪುಸ್ತಕಗಳು ಬೆಂಗಳೂರಿನ ನವಕರ್ನಾಟಕದವರ ಮೂಲಕ ಮನೆಗಳಿಗೆ ಬರುತ್ತಿದ್ದುವು. ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿಯುತ್ತಿದ್ದ ಆ ತಲೆಮಾರಿನವರು ಒಂದು ಕೈಯಲ್ಲಿ ಆ ಪತ್ರಿಕೆ, ಇನ್ನೊಂದು ಕೈಯಲ್ಲಿ ಈ ಪತ್ರಿಕೆ ಹಿಡಿದು ತಾಳೆ ನೋಡಬಹುದಾಗಿತ್ತು. ೧೯೬೧ರ ಕೊನೆಯಲ್ಲಿ ಭಾರತ ಪ್ರವಾಸಕ್ಕೆ ಬಂದ ಗಗಾರಿನ್ ಅವರು ಮುಂಬಯಿಗೂ ಬಂದರು. ೧೯೬೯ರ ಅಕ್ಟೋಬರಿನಲ್ಲಿ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರೂ ಇದೇ ನಗರಕ್ಕೆ ಬಂದರು. ಮುಂಬಯಿ ಇಬ್ಬರಿಗೂ ಹಾರ ಹಾಕಿತು.

ನಮ್ಮ ಭಾಷೆಯೂ ಅದೇ ಧರ್ಮವನ್ನು ಪಾಲಿಸಿತು. ಇಂಗ್ಲಿಷಿನಲ್ಲಿ ಅಮೇರಿಕೆಯವನಾದರೆ 'ಆಸ್ಟ್ರೊನಾಟ್', ರಶಿಯದವನಾದರೆ 'ಕಾಸ್ಮೊನಾಟ್'. ಹೆಸರು ಕೇಳಿದೊಡನೆ ಯಾವ ಪಕ್ಷದವನೆಂದು ತಿಳಿಯುತ್ತದೆ. ಕನ್ನಡವು 'ಗಗನಯಾತ್ರಿ' ಎಂಬ ಒಂದೇ ಹೆಸರಿನಲ್ಲಿ ಇಬ್ಬರನ್ನೂ ಕರೆಯಿತು. ಯಾತ್ರೆ ಹೊರಟವನ ಕುಲವನ್ನು ಕೇಳುವ ಪದ್ಧತಿ ನಮ್ಮ ಪತ್ರಿಕೆಗಳಿಗೆ ಬೇಕೆನಿಸಲಿಲ್ಲ.

ಹಾಗೆಂದು ನಾವು ಸರ್ವಜ್ಞರಾಗಿದ್ದೆವೆಂದು ಬೀಗಬೇಕಾಗಿಲ್ಲ. ಎರಡು ಕಿಟಕಿಗಳಿಗೂ ಪರದೆಗಳಿದ್ದುವು. ಅವರವರು ತೋರಿಸಬಯಸಿದುದೇ ನಮಗೂ ಕಂಡುದು. ಆದರೆ ಎರಡು ಕಡೆಯವರ ಮಾತನ್ನೂ ಕೇಳುವ ಅಭ್ಯಾಸದಿಂದ ನಮ್ಮ ದೇಶಕ್ಕಾದ ಲಾಭ ಸಣ್ಣದಲ್ಲ. ೧೯೬೩ರ ನವೆಂಬರ್ ೨೧ರಂದು ಕೇರಳದ ತುಂಬಾದಿಂದ ಹಾರಿದ ಮೊದಲನೆಯ ರಾಕೆಟ್ಟು ಅಮೇರಿಕೆಯದು. ಅದರ ತುದಿಯಲ್ಲಿದ್ದ ಉಪಕರಣ ಫ್ರಾನ್ಸಿನದು. ಆ ಕೇಂದ್ರಕ್ಕೆ ಹೆಲಿಕಾಪ್ಟರನ್ನೂ ಗಣಕಯಂತ್ರವನ್ನೂ ಕೊಟ್ಟುದು ರಶಿಯ. ವಿಕ್ರಮ್ ಸಾರಾಭಾಯಿಯವರ ಜಾಣತನ ಅದು.

ಆ ಜಾಣತನವನ್ನು ಮುಂದುವರಿಸಿದವರು ನಮ್ಮವರೇ ಆದ ಉಡುಪಿ ರಾಮಚಂದ್ರ ರಾಯರು. ೧೯೩೨ರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಜನನ. ಉಡುಪಿ, ಬಳ್ಳಾರಿ, ಅನಂತಪುರ, ಕಾಶಿಗಳಲ್ಲಿ ವ್ಯಾಸಂಗ. ಅಹಮದಾಬಾದಿನಲ್ಲಿ ಸಾರಾಭಾಯಿಯವರ ಕೈಕೆಳಗೆ ಸಂಶೋಧನೆ. ಆಮೇಲೆ ಅಮೇರಿಕೆಗೆ ಹೋಗಿ, ಪಯೋನಿಯರ್, ಎಕ್ಸ್‌ಪ್ಲೋರರ್ ನೌಕೆಗಳ ಪ್ರಯೋಗಗಳಲ್ಲಿ ದುಡಿದು, ೧೯೬೬ರಲ್ಲಿ ತಾಯ್ನಾಡಿಗೆ ಹಿಂದಿರುಗಿದರು. ಅಲ್ಲಿಯೇ ಉಳಿದಿದ್ದರೆ ಸುಖವಾಗಿರಬಹುದಿತ್ತು. ೧೯೭೨ರ ಮೇಯಲ್ಲಿ ಭಾರತಕ್ಕೂ ಸೋವಿಯತ್ ವಿಜ್ಞಾನ ಅಕಾಡೆಮಿಗೂ ಒಪ್ಪಂದವಾಯಿತು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಬಡಾವಣೆಯ ಶೆಡ್ಡುಗಳಲ್ಲಿ, ಉಪಗ್ರಹವನ್ನು ಹಿಂದೆ ಕಟ್ಟಿಯೇ ಇರದ ಎಳೆಯರನ್ನು ಕೂಡಿಕೊಂಡು, ರಾಯರು ಮೂರು ವರ್ಷದೊಳಗೆ ೨೬ ಮುಖಗಳ, ೩೬೦ ಕಿಲೋಗ್ರಾಮಿನ ಉಪಗ್ರಹವನ್ನು ಕಟ್ಟಿದರು. ೧೯೭೫ರ ಏಪ್ರಿಲ್ ೧೯ರಂದು ರಶಿಯದ ಕಪುಸ್ತಿನ್ ಯಾರ್ ಎಂಬಲ್ಲಿಂದ ರಶಿಯದ ರಾಕೆಟ್ಟು ಆರ್ಯಭಟವನ್ನು ಮೇಲಕ್ಕೊಯ್ದಿತು. ಅಮೇರಿಕೆಯಲ್ಲಿ ಪಳಗಿದ ಕನ್ನಡಿಗರ ಕೈ ಕಟ್ಟಿದ ಉಪಗ್ರಹ, ರಶಿಯದ ಹೆಗಲ ಮೇಲೆ! ಕೆಲವೇ ದಿನಗಳಲ್ಲಿ ವಿದ್ಯುತ್ತು ಕೈಕೊಟ್ಟು ಅದರೊಳಗಿನ ವಿಜ್ಞಾನ ಪ್ರಯೋಗಗಳು ನಿಂತುವು. ಆ ಸಂಗತಿಯನ್ನು ನಮ್ಮವರು ಮುಚ್ಚಿಡಲಿಲ್ಲ. ಉಪಗ್ರಹದ ಜೊತೆಗಿನ ಸಂಪರ್ಕ ಮಾತ್ರ ವರ್ಷಗಟ್ಟಲೆ ಉಳಿಯಿತು.

ನಮ್ಮ ಕಸುಬಿನ ಒಂದು ಮಾತನ್ನು ಇಲ್ಲಿ ಹೇಳಬೇಕು. ರಿಸರ್ವ್ ಬ್ಯಾಂಕಿನವರು ಆರ್ಯಭಟದ ಚಿತ್ರವನ್ನು ಎರಡು ರೂಪಾಯಿಯ ನೋಟಿನ ಬೆನ್ನಿನ ಮೇಲೆ ಅಚ್ಚುಹಾಕಿಸಿದರು. ಇತರ ಭಾಷೆಗಳ ಸಾಲಿನಲ್ಲಿ ಕನ್ನಡದ ಅಕ್ಷರಗಳೂ ಆ ಬದಿಯಲ್ಲೇ ಇವೆ. ಈಗಲೂ ಅಪರೂಪಕ್ಕೊಮ್ಮೆ ಯಾರಾದರೂ ವಯಸ್ಸಾದವರು ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಅಂಥ ನೋಟನ್ನು ಕೌಂಟರಿಗೆ ತರುವುದುಂಟು. ತರಕಾರಿ ಅಂಗಡಿಯಿಂದ ಲೋಕಲ್ ಗಾಡಿಯ ತಿಕೀಟಿನ ಕಿಂಡಿಯ ತನಕ ಪ್ರತಿಯೊಬ್ಬನ ಕೈಯಲ್ಲೂ ಓಡಾಡಿದ ವಿಜ್ಞಾನದ ಪಾಠ ಅದು. ಅದರ ಹಿಂದೆ ಇದ್ದವರು ಅದಮಾರಿನ ರಾಯರೆಂಬುದನ್ನು ನೋಟು ಹೇಳಲಿಲ್ಲ. ಹೇಳಬೇಕಾದವರು ನಾವು.

ಅದೇ ೧೯೭೫ರ ಜುಲೈ ೧೭ರಂದು ಅಮೇರಿಕೆಯ ಅಪೊಲೊ, ರಶಿಯದ ಸೊಯುಜ್ ನೌಕೆಗಳು ಅಂತರಿಕ್ಷದಲ್ಲಿ ಕೂಡಿಕೊಂಡುವು. ಸ್ಟಾಫರ್ಡ್ ಮತ್ತು ಲಿಯೊನೋವ್ ಕೈಕುಲುಕಿದರು. ಅಮೇರಿಕೆಯವರು ರಶಿಯನ್ ಭಾಷೆಯಲ್ಲಿಯೂ ರಶಿಯದವರು ಇಂಗ್ಲಿಷಿನಲ್ಲಿಯೂ ಮಾತಾಡುವುದೆಂದು ಏರ್ಪಾಡಾಗಿದ್ದಿತು. ಎದುರಿನವನ ಭಾಷೆಯನ್ನು ಆಡಿದರೆ ಮಾತು ಸಲೀಸಾಗಿ ನಡೆಯುವುದೆಂದು ಅವರು ಅನುಭವದಿಂದ ಕಂಡುಕೊಂಡಿದ್ದರು. ಆಗಸ್ಟ್ ೧ರಿಂದ ಒಂದು ವರ್ಷಕಾಲ ಅಮೇರಿಕೆಯ ಎ.ಟಿ.ಎಸ್.-೬ ಉಪಗ್ರಹವು ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳನ್ನು ಬಿತ್ತರಿಸಿತು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದುವು. ತಂತಿಬಲೆಯ ಛತ್ರಿಯನ್ನು ಮುಗಿಲಿಗೆ ತಿರುಗಿಸಿಟ್ಟು, ಆಕಾಶದಿಂದ ಇಳಿದ ಕನ್ನಡವನ್ನು ಆ ರೈತರು ಕೇಳಿದರು. ಒಂದೇ ವರ್ಷದಲ್ಲಿ ರಶಿಯವು ಕನ್ನಡಿಗರ ಉಪಗ್ರಹವನ್ನು ಮೇಲಕ್ಕೇರಿಸಿತು. ಅಮೇರಿಕೆಯು ಕನ್ನಡದ ನುಡಿಯನ್ನು ಕೆಳಕ್ಕಿಳಿಸಿತು.

ಇಷ್ಟೆಲ್ಲ ಹಳೆಯ ಲೆಕ್ಕವನ್ನು ತೆಗೆದುದೇಕೆ? ಇತ್ತೀಚೆಗೆ ನಮ್ಮ ಕುಟುಂಬಗಳ ಮಕ್ಕಳಿಗೆ ಒಂದು ಸಣ್ಣ ರಸಪ್ರಶ್ನೆ ನಡೆಸಿದೆವು. ಡೊಂಬಿವಲಿ, ಮುಲುಂಡ, ಗೋರೆಗಾಂವಗಳಿಂದ ಬಂದ ಜಾಣಮಕ್ಕಳು. ಅಂತರಿಕ್ಷಕ್ಕೆ ಮೊದಲು ಹೋದವರಾರು ಎಂದರೆ ಬಹುತೇಕರು ಆರ್ಮ್‌ಸ್ಟ್ರಾಂಗ್ ಎಂದರು. ಗಗಾರಿನ್ ಹೆಸರು ಇಬ್ಬರಿಗೆ ಗೊತ್ತಿದ್ದಿತು. ಕೊರೊಲ್ಯೋವ್ ಹೆಸರು ಯಾರಿಗೂ ಇಲ್ಲ. ಆರ್ಯಭಟವನ್ನು ಕಟ್ಟಿದವರಾರೆಂದಾಗ ಒಬ್ಬ ಹುಡುಗಿ ಮಾತ್ರ, ಅದೂ ಅಜ್ಜನಿಂದ ಕೇಳಿದುದರಿಂದ, ಯು. ಆರ್. ರಾಯರ ಹೆಸರನ್ನು ಹೇಳಿದಳು. ಮಕ್ಕಳನ್ನು ದೂರಿ ಫಲವಿಲ್ಲ. ಅವರು ನೋಡುವ ಸಿನೆಮಾ, ಓದುವ ಪುಸ್ತಕಗಳೆಲ್ಲ ಒಂದೇ ಕಿಟಕಿಯಿಂದ ಬರುವಂಥವು. ಹಿರಿಯರಿಗೆ ಎರಡು ಕಿಟಕಿಗಳಿದ್ದುವು. ಕೈತುಂಬ ಯಂತ್ರಗಳಿರುವ ಇಂದಿನ ಮಕ್ಕಳಿಗೆ ಒಂದೇ ಆಗಿದೆ.

ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದು. ೨೦೨೩ರ ಆಗಸ್ಟ್ ೧೯ರಂದು ರಶಿಯದ ಲೂನಾ-೨೫ ಚಂದ್ರನಿಗೆ ಅಪ್ಪಳಿಸಿ ನಾಶವಾಯಿತು. ನಾಲ್ಕು ದಿನಗಳ ನಂತರ, ಆಗಸ್ಟ್ ೨೩ರ ಸಂಜೆ ೬ ಗಂಟೆ ೪ ಮಿನಿಟಿಗೆ, ನಮ್ಮ ಚಂದ್ರಯಾನ-೩ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಆ ಸಂತೋಷಕ್ಕೆ ಪಾರವಿರಲಿಲ್ಲ, ಇರಬೇಕಾದುದೂ ಇಲ್ಲ. ಆದರೆ ಆ ನಾಲ್ಕು ದಿನಗಳಲ್ಲಿ ನಮ್ಮ ಮೊಬೈಲುಗಳಲ್ಲಿ ಹರಿದಾಡಿದ ಅಣಕದ ಚಿತ್ರಗಳನ್ನು ನೋಡಿ ನಮಗೆ ನಾಚಿಕೆಯಾಯಿತು. ಚಂದ್ರನ ಮೇಲೆ ಮೆತ್ತಗೆ ಇಳಿಯುವುದನ್ನು ಲೋಕಕ್ಕೆ ಮೊದಲು ತೋರಿಸಿದವರು ಅವರು. ನಮ್ಮ ಮೊದಲ ಉಪಗ್ರಹವನ್ನು ಹೊತ್ತವರು ಅವರು. ೧೯೮೪ರ ಏಪ್ರಿಲಿನಲ್ಲಿ ರಾಕೇಶ್ ಶರ್ಮರನ್ನು ಕರೆದೊಯ್ದವರು ಅವರು. ೨೦೨೫ರ ಜೂನ್ ೨೫ರಂದು ಅಮೇರಿಕೆಯ ನೌಕೆಯಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದ ಶುಭಾಂಶು ಶುಕ್ಲರಿಗೆ ಮೊದಲಿನ ತರಬೇತು ಕೊಟ್ಟುದೂ ರಶಿಯದ ಗಗಾರಿನ್ ಕೇಂದ್ರವೇ. ೧೯೫೭ರಲ್ಲಿ ಅಮೇರಿಕೆಯ ಜನರನ್ನು ಕುರುಡುಮಾಡಿದ ಗರ್ವವು ಈಗ ಗೆಲ್ಲುವ ಸರದಿ ಬಂದ ನಮ್ಮ ಹೊಸ್ತಿಲಲ್ಲಿ ನಿಂತಿದೆ. ಅದನ್ನು ಒಳಗೆ ಬಿಟ್ಟುಕೊಂಡರೆ ನಮಗೂ ಅದೇ ಗತಿ.

ಪರನಾಡಿನಲ್ಲಿ ಬಾಳುವ ನಮಗೆ ಈ ಮಾತು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ನೆರೆಯವರು ನಮ್ಮನ್ನು ಇಡ್ಲಿ-ದೋಸೆಯ ಹೋಟೆಲಿನವರೆಂದಷ್ಟೇ ಅರಿತಿದ್ದಾರೆಂದು ನಾವು ಆಗಾಗ್ಗೆ ಹಲುಬುವೆವು. ಅವರ ಸಾಧನೆಗಳನ್ನು ನಾವೆಷ್ಟು ಅರಿತಿದ್ದೇವೆ? ನಮ್ಮ ಸಾಧಕರ ಹೆಸರನ್ನು ನಮ್ಮ ಮಕ್ಕಳಿಗೇ ಎಷ್ಟು ಹೇಳಿದ್ದೇವೆ? ಎರಡು ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಹುಡುಕಬೇಕು.

ನಮ್ಮ ಸೂಚನೆ ಸರಳವಾದುದು. ನಮ್ಮ ವಾಚನಾಲಯದಲ್ಲಿ ವರ್ಷಕ್ಕೆರಡು ಸಂಜೆಗಳನ್ನು ಮಕ್ಕಳಿಗಾಗಿ ಮೀಸಲಿಡೋಣ. ಏಪ್ರಿಲ್ ೧೨ರಂದು ಗಗಾರಿನ್ ದಿನ, ಏಪ್ರಿಲ್ ೧೯ರಂದು ಆರ್ಯಭಟದ ದಿನ. ಎರಡರ ನಡುವೆ ಒಂದೇ ವಾರ. ಒಂದರಲ್ಲಿ ಪರರ ಗೆಲುವನ್ನು, ಇನ್ನೊಂದರಲ್ಲಿ ನಮ್ಮವರ ಗೆಲುವನ್ನು ಕನ್ನಡದಲ್ಲಿ ಹೇಳೋಣ. ಸೋಲುಗಳನ್ನೂ ಮುಚ್ಚಿಡದೆ ಹೇಳೋಣ. ವರ್ಲಿಯ ನೆಹರೂ ತಾರಾಲಯಕ್ಕೂ ವಿಜ್ಞಾನ ಕೇಂದ್ರಕ್ಕೂ ಅವರನ್ನು ಕರೆದೊಯ್ಯೋಣ. ಮರಾಠಿ ನೆರೆಯವರ ಮಕ್ಕಳನ್ನೂ ಜೊತೆಗೆ ಕರೆಯೋಣ. ಹಳೆಯ ಎರಡು ರೂಪಾಯಿಯ ನೋಟು ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಆ ಸಂಜೆ ತಂದು ಮಕ್ಕಳ ಕೈಗೆ ಕೊಡಿರಿ. ಉಳಿದ ಕಥೆಯನ್ನು ಹೇಳುವ ಕೆಲಸವನ್ನು ನಾವು ಸಂತೋಷದಿಂದ ವಹಿಸಿಕೊಳ್ಳುವೆವು.